ದಂಡೆ

ಕಡಸಿನ ಕೊಂಬಿಗೆ ಕಟ್ಟಿದ್ದ ಹೂದಂಡೆಯನ್ನು ಬುರ್ಗಿ ಒಂದೇ ಸಲಕ್ಕೆ ಕಿತ್ತು ಕೈಗೆ ತೆಗೆದುಕೊಂಡಳು. ಹಿಂಟರ್‌ಟಾಲ್ ಸರೋವರದ ದಂಡೆಯಲ್ಲಿ ಸಾಲಾಗಿ ನಿಂತಿದ್ದ ಉಳಿದ ದನಗಳೆಲ್ಲ ಹೂ ಮುಡಿದು, ದೊಡ್ಡ ಗಂಟೆ ಕಟ್ಟಿಸಿಕೊಂಡು, ಬೆಟ್ಟದ ಬೇಸಗೆ ಮೇವು ಮುಗಿಸಿ ಕಣಿವೆಯ ಊರಿಗೆ ಇಳಿಯಲು ಸಿದ್ಧವಾಗಿದ್ದವು.

"ಅಕ್ಕಾ, ಹೊರಡೋ ಹೊತ್ತಿಗೆ ಇದೇನು ರಂಪ?" ಎನ್ನುತ್ತ ತಮ್ಮ ಕಾಸಿಯಾನ್ ಓಡಿ ಬಂದ. "ಅಲ್ಲಿ ತಿರುವಿನಲ್ಲಿ ಮೆರವಣಿಗೆ ನೋಡಲಿಕ್ಕೆ ಪಟ್ಟಣದಿಂದ ಬಂದ ಜನ ಬೆಳಗಿನಿಂದ ಚಳಿಯಲ್ಲಿ ನಿಂತಿದ್ದಾರೆ."

"ನಿಲ್ಲಲಿ. ಸಾವಾದ ವರ್ಷ ಹೂ ಮುಡಿಸೋದುಂಟೇನೋ?"

"ಯಾರ ಸಾವು? ದನ ಸತ್ರೆ ಮುಡಿಸಬಾರದು, ಮನೆಯವರು ಸತ್ರೆ ಮುಡಿಸಬಾರದು. ಅಪ್ಪ ತೀರಿಕೊಂಡ ವರ್ಷ ಮುಡಿಸಲಿಲ್ಲ. ಕರಿ ಹಸು ಕಂದಕಕ್ಕೆ ಬಿದ್ದ ವರ್ಷವೂ ಮುಡಿಸಲಿಲ್ಲ. ಈ ಸಲ ದನವೆಲ್ಲ ನೆಟ್ಟಗಿವೆ, ನಾವೂ ನೆಟ್ಟಗಿದ್ದೀವಿ."

"ಗವ್ರಿಲಾ?"

ಕಾಸಿಯಾನ್ ದನಿ ತಗ್ಗಿಸಿದ. "ಪಾಪ, ಒಳ್ಳೆಯವನೇ. ಆದರೆ ರುಮೇನಿಯಾದಿಂದ ಬಂದ ಆಳು ಕಣಕ್ಕ. ಮನೆಯವನು ಹೇಗಾಗ್ತಾನೆ?"

"ಏಳು ಬೇಸಗೆ ನನ್ನ ಒಲೆ ಮುಂದೆ ಕೂತು ಉಂಡಿದ್ದಾನೆ. ನೀನು ಬೇಸಗೆಗೆ ಎರಡು ಸಲ ಮೇಲೆ ಬರ್ತೀಯ, ಅದೂ ಬೆಣ್ಣೆ ಒಯ್ಯೋದಕ್ಕೆ. ಮನೆಯವರು ಯಾರಪ್ಪ, ನೀನೇ ಹೇಳು?" ಬುರ್ಗಿ ಕಡಸಿನ ಬೆನ್ನಿಗೆ ಕೈ ಚಾಚಿದಳು. "ಗುಡುಗಿಗೆ ಹೆದರಿ ಇದು ಆ ಬಂಡೆಯಂಚಿಗೆ ಹೋಗಿ ನಿಂತಾಗ ಹಿಂದಿನಿಂದ ತಳ್ಳಿ ಮೇಲೆ ಹತ್ತಿಸಿದವನು ಅವನು. ಇದು ಹತ್ತಿತು, ಅವನು ಜಾರಿದ. ಇದು ಸತ್ತಿದ್ರೆ ಇವತ್ತು ನೀನು ಒಂದು ಎಲೆಯನ್ನೂ ಕಟ್ತಿರಲಿಲ್ಲ. ಇದನ್ನು ಉಳಿಸಿ ಅವನು ಸತ್ತ ನೋಡು, ಅದಕ್ಕೆ ಹೂವು!"

ಮುಳುಗುಗಾರರು ಬಂದು ಹುಡುಕಿ, ಸರೋವರಕ್ಕೆ ತಳವೇ ಸಿಗುವುದಿಲ್ಲವೆಂದು ಕೈಚೆಲ್ಲಿ ಹೋಗಿದ್ದರು. ಗವ್ರಿಲಾ ನೀರಿನಲ್ಲಿಯೇ ಉಳಿದ. ಕಾಸಿಯಾನ್ ಗಡಿಯಾರ ನೋಡಿಕೊಂಡ.

ಅಷ್ಟರಲ್ಲಿ, ಹಳದಿಗೆ ತಿರುಗಿದ ಲಾರ್ಚ್ ಮರಗಳ ನಡುವಿನ ಕಾಲುದಾರಿಯಿಂದ ಕರಿಯ ತಲೆವಸ್ತ್ರದ ಸಣ್ಣ ಹೆಂಗಸೊಬ್ಬಳು ಹತ್ತಿ ಬಂದಳು. ಅವಳ ಕೈಯಲ್ಲಿ ಒಂದು ಮೇಣದಬತ್ತಿ ಇತ್ತು. ಪರದೇಶದ ತರಕಾರಿ ಹೊಲಗಳಲ್ಲಿ ಕೂಲಿ ಮಾಡುತ್ತ ಕಲಿತ ಜರ್ಮನ್ ಅವಳದು. ಮಾತು ತುಂಡುತುಂಡಾಗಿ ಬಂತು.

"ನಾನು ಅನುತ್ಸಾ. ಗವ್ರಿಲಾ ಹೆಂಡತಿ. ಹಿಮ ಬಿದ್ರೆ ದಾರಿ ಇಲ್ಲ, ಅಂದ್ರು. ಅದಕ್ಕೆ ಈಗ ಬಂದೆ. ಎಲ್ಲಿ... ಅವರು?"

ಬುರ್ಗಿ ಬಂಡೆಯ ಕೆಳಗಿನ ನೀರನ್ನು ತೋರಿಸಿದಳು. ಬೆಟ್ಟದ ನೆರಳು ಬಿದ್ದು ಅಲ್ಲಿ ನೀರು ಕಪ್ಪಾಗಿತ್ತು. ಅನುತ್ಸಾ ಮಂಡಿಯೂರಿ ಬತ್ತಿ ಹಚ್ಚಿದಳು, ಗಾಳಿ ಆರಿಸಿತು. ಮತ್ತೆ ಹಚ್ಚಿದಳು. ಕಾಸಿಯಾನ್ ಟೋಪಿ ತೆಗೆದು ಅಡ್ಡ ಹಿಡಿದ.

"ಸಾಯೋವಾಗ ಬತ್ತಿ ಬೆಳಕಿಲ್ದೆ ಹೋದ್ರು," ಎಂದಳು ಆಕೆ. "ನಮ್ಮಲ್ಲಿ ಅದು ದೊಡ್ಡ ಪಾಪ."

ಎದ್ದು ತಿರುಗಿದಾಗಲೇ ಅವಳು ದನಗಳನ್ನು ಸರಿಯಾಗಿ ಕಂಡದ್ದು. ಮುಂದಿನ ಹಸುವಿನ ತಲೆಯ ಮೇಲೆ ಹಸಿರೆಲೆಯ ಎತ್ತರದ ಕಿರೀಟ, ಅದರ ಸುತ್ತ ಕೆಂಪು ಹೂಗಳು, ತುದಿಯಲ್ಲಿ ಪುಟ್ಟ ಮರದ ಶಿಲುಬೆ. ಅದರ ಹಿಂದೆ ಹೂ, ಮತ್ತೆ ಹೂ.

"ಶಿಲುಬೆ... ಇಷ್ಟು ಹೂವು... ಎಲ್ಲ ದನಕ್ಕೂ. ಇದು ಗವ್ರಿಲಾಗಾ?"

ಕಾಸಿಯಾನ್ ಬಾಯಿ ತೆರೆದ. ಅವನಿಂದ ಮಾತು ಹೊರಡುವ ಮೊದಲೇ ಬುರ್ಗಿ ಹೇಳಿದಳು: "ಹೌದಮ್ಮ. ಅವನಿಗೇ."

"ಮಣ್ಣಿಲ್ಲ, ಗೋರಿ ಇಲ್ಲ, ಒಂದು ಹೂ ಇಡೋಕೆ ಜಾಗ ಇಲ್ಲ ಅಂತ ದಿನಾ ಅಳ್ತಿದ್ದೆ. ನಮ್ಮೂರಲ್ಲಿ ಪಾದ್ರಿ ಸತ್ತಾಗಲೂ ಇಷ್ಟು ಹೂ ಇರಲಿಲ್ಲ, ಸಾಹುಕಾರ್ರೇ." ಅವಳು ಕಾಸಿಯಾನನ ಕೈ ಹಿಡಿದು ಮುತ್ತಿಟ್ಟಳು. ಅವನಿಗೆ ಕೈ ಅಲ್ಲೇ ಇಡಲೂ ಆಗಲಿಲ್ಲ, ಎಳೆದುಕೊಳ್ಳಲೂ ಆಗಲಿಲ್ಲ.

ಕಣ್ಣೊರೆಸಿಕೊಂಡು ಅವಳು ಬೋಳುಗೊಂಬಿನ ಕಡಸಿನ ಕಡೆ ನೋಡಿದಳು. "ಇದಕ್ಕೆ ಮಾತ್ರ ಯಾಕಿಲ್ಲ?"

ಅಕ್ಕ ತಮ್ಮ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

"ಕಟ್ಟೋಳೇ ಇದ್ದೆ," ಎಂದಳು ಬುರ್ಗಿ. "ಕೊಸರಾಡ್ತದೆ. ನೀನು ಸ್ವಲ್ಪ ಹಿಡ್ಕೋ ಮಗಳೇ."

ಅನುತ್ಸಾ ಕಡಸಿನ ಕುತ್ತಿಗೆಯನ್ನು ತಬ್ಬಿ ಹಿಡಿದು, ಅದರ ಕಿವಿಯ ಬಳಿ ತನ್ನ ಭಾಷೆಯಲ್ಲಿ ಏನೇನೋ ಸಮಾಧಾನ ಹೇಳತೊಡಗಿದಳು. ಅದು ಕದಲದೆ ನಿಂತಿತು. ಆದರೂ ಗಂಟು ಹಾಕಲು ಬುರ್ಗಿಗೆ ಬಹಳ ಹೊತ್ತು ಹಿಡಿಯಿತು.

ದನಗಳು ಹೊರಟವು. ಅನುತ್ಸಾ ಕಡಸಿನ ಪಕ್ಕದಲ್ಲಿಯೇ ನಡೆದಳು. ದಂಡೆಯ ತಿರುವಿನಲ್ಲಿ ಕಾದಿದ್ದವರು ಗಂಟೆಯ ಸದ್ದು ಕೇಳಿದೊಡನೆ ಎದ್ದು ನಿಂತರು; ಮಕ್ಕಳನ್ನು ಹೆಗಲಿಗೇರಿಸಿಕೊಂಡರು; ಎಲ್ಲರೂ ಒಟ್ಟಾಗಿ ಚಪ್ಪಾಳೆ ತಟ್ಟಿದರು. ಅವಳು ಬೆಚ್ಚಿ ನಿಂತಳು. ಬಳಿಕ ಅರ್ಥವಾದವಳಂತೆ ಎದೆಯ ಮೇಲೆ ಕೈಯಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಅಷ್ಟು ದೂರದಿಂದ ತನ್ನ ಗಂಡನಿಗಾಗಿ ಬಂದ ಆ ಜನಕ್ಕೆಲ್ಲ ತಲೆಬಾಗುತ್ತ ನಡೆದಳು.