ಬಾಡಿಗೆ ಬೆನ್ನು

ಕೆಲಸಕ್ಕೆಂದೇ ಹೊಲಿಸಿದ ಬೆನ್ನಿಲ್ಲದ ರವಿಕೆ ತೊಟ್ಟು ಶಿವಲೀಲಾ ನ್ಯಾಯಾಲಯದ ಹಿಂದಿನ ಕೋಣೆಯಲ್ಲಿ ಕಂಬವನ್ನು ತಬ್ಬಿ ನಿಂತಳು. ಉಳ್ಳವರ ಶಿಕ್ಷೆಯನ್ನು ಇಲ್ಲದವರು ಬಾಡಿಗೆಗೆ ಅನುಭವಿಸಬಹುದೆಂಬ ಕಾನೂನು ಬಂದಾಗಿನಿಂದ ಅವಳಿಗೆ ಇದೇ ಉದ್ಯೋಗ. ಅಪರಾಧಿ ಎದುರಿಗಿರಬೇಕೆಂಬ ನಿಯಮಕ್ಕಾಗಿ ಗಿರಣಿ ಸಾಹುಕಾರ ವೀರೇಂದ್ರ ಕುರ್ಚಿಯಲ್ಲಿ ಕೂತು ಚಹಾ ಹೀರುತ್ತಿದ್ದ.

ಗುಮಾಸ್ತ ಓದಿದ: "ಗಿರಣಿಗೆ ಹೊರಗಿನಿಂದ ಬೀಗ ಹಾಕಿಸಿ, ಕಸ್ತೂರಿ ಎಂಬ ಕೆಲಸದವಳು ಬೆಂಕಿಗೆ ಸಿಕ್ಕು ಸಾಯಲು ಕಾರಣನಾದದ್ದಕ್ಕೆ ನಲವತ್ತು ಏಟು."

ಕಸ್ತೂರಿ ಶಿವಲೀಲಾಳ ತಂಗಿ. ಅದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಡಿಗೆಯವರ ಊರು, ಹೆಸರು ಕೇಳುವ ರೂಢಿಯೇ ಇರಲಿಲ್ಲ. ಈ ಸರದಿಯನ್ನು ಅವಳೇ ಬೇಡಿ ಪಡೆದಿದ್ದಳು.

ಮೊದಲ ಏಟಿಗೇ ಚರ್ಮ ಸೀಳಿತು. ಪ್ರತಿ ಏಟಿಗೂ ಅಪರಾಧಿಯ ಪರವಾಗಿ "ತಪ್ಪಾಯ್ತು" ಎನ್ನಬೇಕು. ಸತತ ಹತ್ತು ಏಟಿಗೆ ಅನ್ನದಿದ್ದರೆ ಬಾಡಿಗೆ ರದ್ದಾಗಿ, ನಲವತ್ತೂ ಅಪರಾಧಿಯ ಮೈಗೇ ಮರಳುತ್ತವೆ. ಕೂಲಿ ಕೈತಪ್ಪುವುದೆಂದು ಈವರೆಗೆ ಯಾರೂ ಹಾಗೆ ಸುಮ್ಮನಿದ್ದಿರಲಿಲ್ಲ.

ಐದನೆಯದಕ್ಕೆ ನೆತ್ತರು ಸೀರೆಗಿಳಿಯಿತು.

"ಅನ್ನು ಯಕ್ಕಾ, ಒಂದು ಮಾತು! ಬರೇ ಏಟು ತಿಂದು ಕೂಲಿ ಕಳ್ಕೋತಿ," ಚಾವಟಿಯವನು ಪಿಸುಗುಟ್ಟಿದ.

"ಇದರ ನಾಲಿಗಿ ಬಿದ್ದು ಹೋಗೇತೇನು?" ಸಾಹುಕಾರ ನಕ್ಕ.

ತಂಗಿ ಆ ಬಾಗಿಲನ್ನು ಎಷ್ಟು ಸಲ ಬಡಿದಿರಬಹುದು ಎಂದು ಶಿವಲೀಲಾ ಯೋಚಿಸುತ್ತಿದ್ದಳು. ಖಂಡಿತ ಹತ್ತಕ್ಕಿಂತ ಹೆಚ್ಚು.

ಎಂಟನೆಯದಕ್ಕೆ ಸಾಹುಕಾರನ ನಗು ನಿಂತಿತು. ಒಂಬತ್ತನೆಯದಕ್ಕೆ ಅವನು ಎದ್ದು, "ಏ, ನಿಲ್ಸೋ!" ಎಂದು ಕೂಗಿದ. ಆದರೆ ಹತ್ತನೆಯದಕ್ಕೆ ಎತ್ತಿದ ಚಾವಟಿ ಆಗಲೇ ಇಳಿದಿತ್ತು.

ಶಿವಲೀಲಾ ಕಂಬ ಬಿಟ್ಟು ತೂರಾಡುತ್ತ ಪಕ್ಕಕ್ಕೆ ಸರಿದಳು. ಕಚ್ಚಿ ಹರಿದಿದ್ದ ತುಟಿಯನ್ನು ಒರೆಸಿಕೊಂಡಳು.

"ಬರ್ರಿ ಸಾವ್ಕಾರ್ರ," ಅಂದಳು, "ಅಂಗಿ ಬಿಚ್ಚರಿ."