ಸೂರಿನ ಲೋಟ

ಪೂಜೆ ಮುಗಿದ ಮೇಲೆ ಕೊಟ್ಟ ಕಾಫಿ ಕುಡಿದು, ಮುದ್ದಿ ತನ್ನ ಲೋಟವನ್ನು ತಾನೇ ತೊಳೆದು ಚರ್ಚಿನ ಹಿಂದಿನ ಅಡುಗೆಮನೆಯ ಸೂರಿಗೆ ಬೋರಲಾಗಿ ಸಿಕ್ಕಿಸುತ್ತಿದ್ದುದನ್ನು ಸೆಲಿನಮ್ಮ ಕಂಡರು. ಕಾಫಿ ಬಗ್ಗಿಸುತ್ತಿದ್ದ ಅವರ ಕೈ ಅಲ್ಲೇ ನಿಂತಿತು.

"ಏನಮ್ಮ ಮಾಡ್ತಿದ್ದೀಯ?"

"ನನ್ನ ಲೋಟ ಇಟ್ಟೆ ಅಮ್ಮಾ. ಬರೋ ಭಾನುವಾರಕ್ಕೆ ಬೇಕಲ್ಲ." ಸಿದ್ದಾಪುರದಾಚೆಯ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಿಂದ ಅವಳು ಚರ್ಚಿಗೆ ಬಂದದ್ದು ಇದೇ ಮೊದಲು. ಧಣಿಗಳ ಹಿತ್ತಲಲ್ಲಿ ಚಿಕ್ಕಂದಿನಿಂದ ಮಾಡಿದ್ದನ್ನೇ ಇಲ್ಲೂ ಮಾಡಿದ್ದಳು.

ಸೆಲಿನಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಅದೆಲ್ಲ ಆ ಧಣಿಗಳ ಮನೇಲಿ. ನಮ್ಮ ಚರ್ಚಲ್ಲಿ ಬೇರೆ ಲೋಟ ಅಂತ ಯಾವತ್ತೂ ಇರಲಿಲ್ಲ. ದೇವರ ಮುಂದೆ ಎಲ್ಲರೂ ಒಂದೇ," ಎಂದು ಸುತ್ತಲಿದ್ದವರಿಗೂ ಕೇಳುವಂತೆ ಹೇಳಿ, ಲೋಟ ತೆಗೆಯಲು ಸೂರಿನ ಸಂದಿಗೆ ಕೈ ಹಾಕಿದರು. ಕೈಗೆ ಎರಡು ಲೋಟ ಸಿಕ್ಕವು. ಒಂದು ಇನ್ನೂ ಒದ್ದೆಯಾಗಿತ್ತು. ಇನ್ನೊಂದರ ತುಂಬ ಜೇಡರ ಬಲೆ. ಸೆರಗಿನಲ್ಲಿ ಒರೆಸಿ ನೋಡಿದರೆ ಅದರ ಮೇಲೂ ಚರ್ಚಿನದೇ ಹೆಸರು ಕೆತ್ತಿತ್ತು.

"ಅದು ನಮ್ಮತ್ತೆದು," ಎಂದಳು ಮುದ್ದಿ, ಸಹಜವಾಗಿ. "ಹೋದ ವರ್ಷ ತೀರಿಕೊಂಡ್ರು. ನಾಲ್ಕು ವರ್ಷ ಇಲ್ಲಿಗೇ ಬರ್ತಿದ್ರಲ್ಲ ಅಮ್ಮಾ. ಆ ಲೋಟ ಹಿಡಿದ್ರೆ ನೀವೇ ತಾಗದ ಹಾಗೆ ಮೇಲಿಂದ ಕಾಫಿ ಹುಯ್ತಿದ್ರಂತೆ. ಇಲ್ಲಿ ಲೋಟ ಎಲ್ಲಿಡಬೇಕು ಅಂತ ನಂಗೆ ಹೇಳಿಕೊಟ್ಟಿದ್ದೂ ಅತ್ತೆನೇ."

ಸೆಲಿನಮ್ಮ ನೆನಪು ಕೆದಕಿದರು. ಸಾಲಿನ ಕೊನೆಯಲ್ಲಿ ಮುಂದೆ ಚಾಚಿದ ಲೋಟವೊಂದು ನೆನಪಾಯಿತು. ಅದನ್ನು ಹಿಡಿದಿದ್ದವಳ ಮುಖ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.