ಮಾವನ ಹಲ್ಲು

ನಮ್ಮ ಕಡೆ ನಾಮಕರಣದ ದಿನ ಸೋದರಮಾವ ಮಗುವನ್ನು ಎತ್ತಿಕೊಂಡ ಕ್ಷಣದಿಂದ, ಅದು ತಿನ್ನುವ ಸಿಹಿಯ ಕೆಡುಕೆಲ್ಲ ಅವನ ಮೈಗೇ ಇಳಿಯುತ್ತದೆ, ಮಗುವಿಗೆ ಹನ್ನೆರಡು ತುಂಬುವವರೆಗೆ. ಗೆಳೆಯ ಕೊಟ್ರೇಶನ ಅಕ್ಕನ ಮಗ ದಿನಾ ಬಾಟಲಿ ಜ್ಯೂಸ್ ಕುಡಿಯುತ್ತಾನೆ; ಕೊಟ್ರೇಶನಿಗೆ ಈಗ ಮುಂದಿನ ಹಲ್ಲುಗಳಿಲ್ಲ, ಬೆಳಿಗ್ಗೆ ಎದ್ದು ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. "ಹುಡುಗ ಅಲ್ವೇನೋ, ಕುಡೀಲಿ ಬಿಡು" ಎನ್ನುತ್ತಾನೆ.

ನನಗೆ ಮಾತ್ರ ಏನೂ ಆಗಲಿಲ್ಲ. "ನಮ್ಮಕ್ಕನ ಮಗಳು ಇಂಪನಾಗೆ ಸಿಹಿ ಸೇರಲ್ಲ, ನನ್ನ ಪುಣ್ಯ" ಎಂದು ಬಸ್ ಸ್ಟ್ಯಾಂಡಿನಲ್ಲೆಲ್ಲ ಜಂಬ ಕೊಚ್ಚಿದ್ದೆ.

ಇವತ್ತು ಅವಳಿಗೆ ಹನ್ನೆರಡು ತುಂಬಿತು. ಆರತಿ ಮುಗಿದದ್ದೇ ತಡ, ತಟ್ಟೆಯಿಂದ ಜಿಲೇಬಿ ಎತ್ತಿ ಕಚ್ಚಿದಳು. ಕಣ್ಣು ಮುಚ್ಚಿ, ಬೆರಳಿಗಂಟಿದ ಪಾಕವನ್ನೂ ನೆಕ್ಕಿದಳು.

"ನಿಂಗೆ ಸಿಹಿ ಸೇರಲ್ಲ ಅಂತಿದ್ದೆಯಲ್ಲೇ!" ಎಂದಳು ಅಕ್ಕ.

"ಜಿಲೇಬಿ ಅಂದ್ರೆ ಪ್ರಾಣ ಕಣಮ್ಮ. ಯುಕೆಜೀಲಿ ಒಂದ್ಸಲ ತಿಂದಾಗ ಮಾವ ಕೆನ್ನೆ ಹಿಡ್ಕೊಂಡಿದ್ದು ನೋಡ್ದೆ. ಆಮೇಲಿಂದ ಹಂಗೆ ಹೇಳ್ತಾ ಬಂದೆ."

ಅರ್ಧ ತಿಂದು ನಿಲ್ಲಿಸಿದಳು. "ಸಾಕು. ಇನ್ಮೇಲೆ ನನ್ನ ಹಲ್ಲು ನಾನೇ ನೋಡ್ಕೋಬೇಕು." ಉಳಿದರ್ಧವನ್ನು ನನ್ನ ಬಾಯಿಗಿಟ್ಟಳು.

ಬಾಯಲ್ಲಿರುವ ಹಲ್ಲೆಲ್ಲ ಸೇರಿಸಿ ನಿಧಾನವಾಗಿ ಅಗಿದೆ. ಒಂದೊಂದೂ ಅವಳು ಉಳಿಸಿಕೊಟ್ಟದ್ದು.